ಸುಣ್ಣದ ಗೆರೆಯ ಆಚೆ

ರಂಗಂಪೇಟೆಯ ಹಂಪಣ್ಣನವರ ಹಿತ್ತಲಿನಲ್ಲಿ ಸೀತನಿಯ ಕುಳಿಗೆ ಬೆಂಕಿ ಇಡುವ ಹಕ್ಕು ಹೆಂಡತಿ ದೇವಕ್ಕನದು. ಎಳ್ಳಮಾವಾಸ್ಯೆ ಸಮೀಪಿಸಿತೆಂದರೆ ಆ ಓಣಿಯಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನದ ಮನೆಯಿಲ್ಲ. ಆದರೆ ತಾನು ಸುಟ್ಟ ತೆನೆಯ ಕಾಳು ಬಾಯಲ್ಲಿ ಹಾಲಾಗುತ್ತದೆ, ಉಳಿದವರು ಸುಟ್ಟದ್ದು ಬೂದಿಯಾಗುತ್ತದೆ ಎಂದು ದೇವಕ್ಕ ತಾನೇ ಹೇಳಿಕೊಳ್ಳುತ್ತಿದ್ದಳು. ಕೇಳಿದವರು ತಿನ್ನುವ ಆಸೆಗೆ ಹೌದೆನ್ನುತ್ತಿದ್ದರು.

ಆಕೆಯ ಕಟ್ಟಳೆಗಳು ಕಲ್ಲಿನಲ್ಲಿ ಕೊರೆದಂಥವು. ಕುಳಿ ಮೊಣಕಾಲುದ್ದ ಇರಬೇಕು; ಸುತ್ತ ಕಲ್ಲಿನ ಕಟ್ಟೆ ಬೇಕು; ಒಣ ಜೋಳದ ದಂಟಿನ ಕಣಕಿ ಬಣವೆ ಗಾಳಿಯ ದಿಕ್ಕಿನಲ್ಲಿ ಇರಕೂಡದು. ಪಕ್ಕದಲ್ಲಿ ಒಂದು ಕೊಡ ನೀರು, ಅದರಲ್ಲಿ ನೆನೆದ ಗೋಣಿತಟ್ಟು. ಕುಳಿಯ ಬಳಿ ಬರುವ ಹೆಂಗಸು ನೂಲಿನ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದಿರಬೇಕು. ಕುಳ್ಳು ಉರಿದು ಕೆಂಡವಾದ ಮೇಲೆಯೇ ತೆನೆ ಇಳಿಸಬೇಕು. ಉರಿ ಎದ್ದಿತೋ, ಸೀತನಿ ಕೆಟ್ಟಿತು. ಕೆಂಡ ಕೆದರುವ ಕಬ್ಬಿಣದ ಸಲಾಕೆ ಅತ್ತೆ ಶೇಖಮ್ಮನಿಂದ ಬಂದದ್ದು. ಅದನ್ನು ದೇವಕ್ಕ ಬಿಟ್ಟರೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಈ ವರ್ಷ ದೇವಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕೆಂಡದ ಹದವನ್ನು ಅಂಗೈಗೆ ತಾಕುವ ಕಾವಿನಿಂದ ಅಳೆಯುತ್ತಿದ್ದಳು, ತೆನೆಯ ಪಾಕವನ್ನು ಮೂಗಿನಿಂದ.

ಮೊದಲ ಸೀತನಿಯ ದಿನ ಸೊಸೆ ಸುನಿತಾ ಸುಟ್ಟ ತೆನೆಗಳನ್ನು ಬುಟ್ಟಿಯ ಮೇಲೆ ತಿಕ್ಕಿ ಕಾಳು ಬಿಡಿಸುತ್ತಿದ್ದಳು. ದೇವಕ್ಕ ಸಲಾಕೆಯಿಂದ ತೆನೆ ಎಳೆದಾಗ ಒಂದು ಕೆಂಡ ಕಲ್ಲಿನ ಕಟ್ಟೆ ದಾಟಿ ಹೊರಗೆ ಉರುಳಿತು. ಬುಟ್ಟಿ ಎತ್ತಿಕೊಂಡು ಎದ್ದ ಸುನಿತಾ ಅದರ ಮೇಲೆಯೇ ಕಾಲಿಟ್ಟಳು.

"ಅಯ್ಯಯ್ಯವ್ವಾ!"

"ಏನಾತು?"

"ಕೆಂಡ ತುಳದೆನ್ರಿ ಅತ್ತಿ. ಅಂಗಾಲ ಸುಟ್ಟಿತು."

"ಸುಡಲಾರದ ಏನ ಮಾಡತೈತಿ? ಕಣ್ಣ ತವರಮನಿ ಕೆಂಭಾವ್ಯಾಗ ಬಿಟ್ಟ ಬಂದೀಯೇನ? ನಿಮ್ಮಪ್ಪ ನಮಗ ಸೊಸಿನ್ನ ಕೊಟ್ಟಾನೋ, ಕುರುಡಿನ್ನ ಕೊಟ್ಟಾನೋ!"

ಪಡಸಾಲೆಯ ಕಟ್ಟೆಯ ಮೇಲೆ ಬಿಸಿ ಕಾಳಿಗೆ ಶೇಂಗಾ ಹಿಂಡಿಯ ಪುಡಿ ಕಲಸಿಕೊಂಡು ಕುಳಿತಿದ್ದ ಹಂಪಣ್ಣ ನಕ್ಕ. ತಡಿಕೆಯ ಗೋಡೆಯಾಚೆ ಎಮ್ಮೆ ಹಿಂಡುತ್ತಿದ್ದ ನೆರೆಮನೆಯ ಚಮನಬೀಯೂ ನಕ್ಕಳು. ಸುನಿತಾ ಮಾತ್ರ ನಗಲಿಲ್ಲ. ಇನ್ನೊಂದು ಕೆಂಡ ದೇವಕ್ಕನ ಸೀರೆಯ ಅಂಚಿನಿಂದ ಗೇಣುದ್ದ ದೂರದಲ್ಲಿ ಕೆಂಪಗೆ ಬಿದ್ದಿತ್ತು. ದೇವಕ್ಕ ಕಾಲು ಸರಿಸಿರಲಿಲ್ಲ. ಸುನಿತಾ ಆ ಕೆಂಡವನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಬಳಿಕ ಬುಟ್ಟಿಯ ಕಾಳನ್ನೆಲ್ಲ ಮೊರಕ್ಕೆ ಸುರಿದು, ಬರಿದಾದ ಬುಟ್ಟಿಯನ್ನು ದೇವಕ್ಕನ ಮುಂದೆ ಹಿಡಿದಳು.

"ಅತ್ತಿ, ಇಷ್ಟ ಸಾಕೇನ್ರಿ?"

ದೇವಕ್ಕ ಬುಟ್ಟಿಯ ಕಡೆಗೆ ಮುಖ ತಿರುಗಿಸಿ, "ಸಾಕು. ತುಂಬೇತಲ್ಲ, ಇನ್ನೆಷ್ಟ ತಿಕ್ಕತಿ?" ಎಂದಳು.

ಆಗ ಸುನಿತಾ ನಕ್ಕಳು. ಆ ನಗು ದೇವಕ್ಕನ ಕಿವಿಗೆ ಬಿತ್ತು, ಕಾರಣ ತಿಳಿಯಲಿಲ್ಲ.

ಕಾರಣ ತಿಳಿದದ್ದು ಶನಿವಾರದ ಊಟಕ್ಕೆ. ಮಗ ಕಾಂತೇಶ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ಸೂಪರ್ವೈಜರನಾಗಿದ್ದ. ವಾರವೆಲ್ಲ ಅಲ್ಲಿಯೇ ಕೋಣೆ ಮಾಡಿಕೊಂಡಿದ್ದು ಶನಿವಾರ ಊರಿಗೆ ಬರುತ್ತಿದ್ದ. ಎಲ್ಲರೂ ಪಂಕ್ತಿಯಲ್ಲಿ ಕುಳಿತಿರುವಾಗ ಸುನಿತಾ ರೊಟ್ಟಿ ಬಡಿಸುತ್ತ, ಪಲ್ಯಕ್ಕೆ ಉಪ್ಪು ಸಾಲದು ಎನ್ನುವಷ್ಟೇ ಸರಳವಾಗಿ ಆಡಿದಳು.

"ಅತ್ತಿಗಿ ಕಣ್ಣ ಕಾಣಂಗಿಲ್ಲರಿ. ಖಾಲಿ ಬುಟ್ಟಿ ಹಿಡದ್ರ ತುಂಬೇತಿ ಅಂದ್ರು."

ದೇವಕ್ಕನ ಕೈಯಲ್ಲಿದ್ದ ತುತ್ತು ನಿಂತಿತು. "ಯಾವಾಕಿ ಹೇಳಿದಾಕಿ? ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಹಂಗಾದ್ರ ನಿಮ್ಮ ತಾಟಿನಾಗ ಏನೇನೈತಿ ಹೇಳ್ರಲ್ಲ."

"ರೊಟ್ಟಿ ಐತಿ. ಪುಂಡಿಪಲ್ಯ ಐತಿ."

"ಮತ್ತ?"

ದೇವಕ್ಕನ ಬೆರಳು ರೊಟ್ಟಿಯ ಸುತ್ತ ತಡಕಾಡಿದವು. ತಾಟಿನ ಅಂಚಿನಲ್ಲಿ ಸುನಿತಾ ಒಂದು ಇದ್ದಲಿನ ತುಂಡು ಇಟ್ಟಿದ್ದಳು. ಕಾಂತೇಶ ಅದನ್ನು ಎತ್ತಿ ಹೊರಗೆ ಎಸೆದ; ಹೆಂಡತಿಗೆ ಏನೂ ಅನ್ನಲಿಲ್ಲ.

"ಯವ್ವಾ, ಶಹಾಪುರದಾಗ ಕಣ್ಣಿನ ಶಿಬಿರ ಐತಂತ. ತೋರಿಸಿ ಬರೂಣು ನಡಿ."

"ಶಿಬಿರಕ್ಕ ಭಿಕಾರಿಗೋಳು ಹೋಗತಾರ. ನಾ ಯಾಕ ಹೋಗ್ಲಿ?"

"ತೋರಿಸಂಗಿಲ್ಲ ಅಂದ್ರ ಇನ್ನ ಮ್ಯಾಲ ಕುಳಿ ಹತ್ರ ಹೋಗಬ್ಯಾಡ. ಫ್ಯಾಕ್ಟರ್ಯಾಗ ನಾ ಮಂದಿಗಿ ದಿನಾ ಇದನ್ನ ಹೇಳತೇನಿ. ಮನ್ಯಾಗ ಯಾರರ ಸುಟಗೊಂಡ್ರ ನನ್ನ ಮಾರಿಗಿ ಉಗುಳತಾರ."

"ನನ್ನ ಕುಳಿ, ನನ್ನ ಸಲಾಕಿ! ನೀ ಹುಟ್ಟೂ ಮುಂಚೆ ಬೆಂಕಿ ಕಾದಾಕಿ ನಾ!"

ಹಂಪಣ್ಣ ಮಜ್ಜಿಗೆ ಸುರಿದುಕೊಂಡು ಹೇಳಿದ: "ಅದಕ್ಕ ಯಾಕ ಬಾಯಿ ಮಾಡತಿ? ನಮ್ಮವ್ವನ ಕೈಯಾಗಿಂದ ನೀ ಸಲಾಕಿ ಕಸಗೊಂಡಾಗ ಆಕೀನೂ ಹಿಂಗ ಒದರಿದ್ಲು. ಮೂಲ್ಯಾಗ ಕುಂದರಿಸಿ ಕೈಗಿ ಜಪಮಣಿ ಕೊಟ್ಟಿದ್ದಿ."

ಸುನಿತಾ ಅಡಿಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಕ್ಕಳು, ಆದರೆ ಎಲ್ಲರಿಗೂ ಕೇಳುವಂತೆ.

ಮರುದಿನ ಬೆಳಗ್ಗೆ ಕಾಂತೇಶ ಕುಳಿಯ ಸುತ್ತ ಸುಣ್ಣದ ಪುಡಿಯಿಂದ ದೊಡ್ಡ ದುಂಡು ಗೆರೆ ಎಳೆದ. ಕಾರ್ಖಾನೆಯಲ್ಲಿ ಕುಲುಮೆಯ ಸುತ್ತ ಹೀಗೆಯೇ ಗೆರೆ ಇರುತ್ತದೆಂದೂ, ಗೆರೆಯೊಳಗೆ ಕಣ್ಣು ಕಿವಿ ಸರಿಯಿದ್ದವರು ಮಾತ್ರ ಬರತಕ್ಕದ್ದೆಂದೂ ವಿವರಿಸಿದ. ಗೆರೆಯ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಪಕ್ಕಕ್ಕೆ ನೀರಿನ ಬಕೀಟು ಮತ್ತು ನೆನೆದ ಗೋಣಿತಟ್ಟು ಇಟ್ಟು, ತಾಯಿಯನ್ನು ತೋಳು ಹಿಡಿದು ತಂದು ಕೂಡಿಸಿದ.

"ನೀರಿನ ಕಾವಲ ನಿಂದು. ಇದು ಭಾಳ ಜವಾಬ್ದಾರಿ ಕೆಲಸ, ಯವ್ವಾ."

ಸಲಾಕೆ ಸುನಿತಾಳ ಕೈಗೆ ಹೋಯಿತು. ಅಂದು ಕುಳಿಯ ಕಾವು ಕುರ್ಚಿಯವರೆಗೆ ಬರಲಿಲ್ಲ. ದೇವಕ್ಕ ಚಳಿಗೆ ಸೆರಗು ಹೊದ್ದು ಕುಳಿತು, ಗಂಡ, ಮಗ, ಸೊಸೆ ಮೂವರೂ ಬಿಸಿ ಕಾಳಿಗೆ ಬೆಲ್ಲ ಹಾಕಿಕೊಂಡು ಚಪ್ಪರಿಸುವುದನ್ನು ಕೇಳಿದಳು. ಆಕೆಯ ಪಾಲು ಬಂದಾಗ ಆರಿತ್ತು.

"ಹೊತ್ತಸೀದಿ. ಕಾಳಾಗ ಹಾಲ ಇಲ್ಲ," ಎಂದಳು ದೇವಕ್ಕ.

"ಕುಂತಲ್ಲಿ ಕೊಟ್ರ ರುಚಿ ಹೇಳಾಕ ಬರತೈತಿ ನೋಡ್ರಿ," ಎಂದಳು ಸುನಿತಾ.

ಅಲ್ಲಿಂದ ಮುಂದೆ ಮನೆಯಲ್ಲಿ ಗೆರೆಗಳು ಹೆಚ್ಚಾದವು. ಗ್ಯಾಸಿನ ಒಲೆಯ ಕಡ್ಡಿಪೆಟ್ಟಿಗೆ ಮೇಲಿನ ಗೂಡಿಗೆ ಹೋಯಿತು. ನೀರು ಕಾಯಿಸುವ ಹಂಡೆಯ ಒಲೆಗೆ ದೇವಕ್ಕ ಪುಳ್ಳೆ ತುಂಬಿದರೆ, ಸುನಿತಾ ಬಂದು ಮಾತಿಲ್ಲದೆ ಅವನ್ನೆಲ್ಲ ಹೊರಗೆಳೆದು ತಾನು ತುಂಬುವಳು. ಲಿಂಗಪೂಜೆಯ ದೀಪವನ್ನೂ ಸುನಿತಾಳೇ ಹಚ್ಚತೊಡಗಿದಳು, "ಸೀರಿಗಿ ಹತ್ತಿದ್ರ ಯಾರು ಹೊಣಿ?" ಎಂಬುದು ಆಕೆಯ ಒಂದೇ ಮಾತು. ಯಾವುದನ್ನೂ ಆಕೆ ಬೈದು ಮಾಡಲಿಲ್ಲ. ಎಲ್ಲವನ್ನೂ ಅತ್ತೆಯ ಒಳಿತಿಗೆಂದೇ ಮಾಡಿದಳು.

ದೇವಕ್ಕನಿಗೆ ಉಳಿದದ್ದು ಬಾಯಿ. ಅದನ್ನು ಆಕೆ ಬೆಳಗಿನಿಂದ ಬೈಗಿನವರೆಗೆ ಮಸೆದಳು. "ನೈಲಾನ ಸೀರಿ ಉಟಗೊಂಡು ಕುಳಿ ಮುಂದ ಮೆರೀತೀಯಲ್ಲ, ಒಂದಿನ ಸುಟಗೊಂಡು ಸಾಯತಿ! ಸುಟ್ಟ ಸಾಯತಿ ನೋಡು!"

ಗೋಡೆಯಾಚೆಯಿಂದ ಚಮನಬೀ ಕೂಗಿದಳು: "ಅರೆ ದೇವಕ್ಕಾ, ತೋಬಾ ತೋಬಾ! ಮನಿ ಹೆಣ್ಣಮಗಳಿಗಿ ಹಂಗ ಅನಬಾರದವ್ವಾ."

"ಅಂತೀನಿ. ನೂರ ಸಲ ಅಂತೀನಿ. ಸುಟ್ಟ ಸಾಯತಾಳ!"

"ನೀವು ಅನ್ನೂದು ಓಣಿಗೆಲ್ಲ ಕೇಳಲಿ, ಅತ್ತಿ. ಇನ್ನೂ ಜೋರ ಅನ್ರಿ," ಎಂದಳು ಸುನಿತಾ, ಭಾಂಡೆ ತಿಕ್ಕುತ್ತ.

ಸಂಕ್ರಾಂತಿ ಕಳೆದ ಭಾನುವಾರ ಕಾಂತೇಶ ತನ್ನ ಕಾರ್ಖಾನೆಯ ಮ್ಯಾನೇಜರನನ್ನೂ ಅವನ ಹೆಂಡತಿಯನ್ನೂ ಸೀತನಿಗೆ ಕರೆತಂದ. ಹೊರನಾಡಿನ ಜನ, ಕಾರು ಓಣಿಯೊಳಗೆ ಹಿಡಿಸಲಿಲ್ಲ. ಬಡ್ತಿ ಕೊಡುವ ಕೈ ಅದು ಎಂದು ಸುನಿತಾ ಮಿಂಚುವ ಹೊಸ ಜಾರ್ಜೆಟ್ ಸೀರೆ ಉಟ್ಟು, ಸೆರಗನ್ನು ಬೆನ್ನ ಮೇಲೆ ಇಳಿಬಿಟ್ಟಿದ್ದಳು. ಹೊತ್ತು ಮುಳುಗುತ್ತಿತ್ತು. ಕುಳಿಯಲ್ಲಿ ಕೆಂಡ ಹದವಾಗಿ ಕೂತಿತ್ತು; ಆದರೆ ಅತಿಥಿಗಳಿಗೆ ಕೆಂಡ ರುಚಿಸಲಿಲ್ಲ. ಫೋಟೋದಲ್ಲಿ ಉರಿ ಕಾಣಬೇಕೆಂದು ಮ್ಯಾನೇಜರನ ಹೆಂಡತಿ ಕೇಳಿದಳು.

"ಈಗ ಎಬ್ಬಿಸೂಣು ಮೇಡಮ್," ಎಂದ ಕಾಂತೇಶ, ಕೆಂಡದ ಮೇಲೆ ಹತ್ತಿಕಟ್ಟಿಗೆಯ ಹೊರೆ ಒಟ್ಟಿದ. ಕಟ್ಟಿಗೆ ಮಂಜಿಗೆ ನೆನೆದಿದ್ದವು. ಹೊಗೆಯಾಡಿದವೇ ಹೊರತು ಹತ್ತಲಿಲ್ಲ.

ಗೆರೆಯಾಚೆಯ ಕುರ್ಚಿಯಿಂದ ದೇವಕ್ಕ, "ಸೀತನಿ ಕುಳ್ಯಾಗ ಉರಿ ಎಬ್ಬಿಸಬಾರದು. ತೆನಿ ಕೆಡತಾವ," ಎಂದಳು.

"ಯವ್ವಾ, ನೀ ನೀರು ಕಾಯಿ."

ಕಾಂತೇಶ ಬೈಕಿನ ಬಳಿ ಹೋಗಿ, ಕುಡಿಯುವ ನೀರಿನ ಬಾಟಲಿಯೊಂದರಲ್ಲಿ ಪೆಟ್ರೋಲು ಇಳಿಸಿ ತಂದ. ಅದರ ವಾಸನೆ ದೇವಕ್ಕನ ಮೂಗಿಗೆ ಹತ್ತಿತು. ಬಾಯಿ ತೆರೆಯುವಷ್ಟರಲ್ಲಿ ಅವನು ಸುರುವಿಬಿಟ್ಟಿದ್ದ. ಬುಸ್ಸೆಂದು ಉರಿ ಆಳೆತ್ತರ ಎದ್ದಿತು. ಅತಿಥಿಗಳು ಹೋ ಎಂದು ಚಪ್ಪಾಳೆ ತಟ್ಟಿ, ಹಿಂದೆ ಸರಿದು, ಮತ್ತೆ ಮುಂದೆ ಬಂದು ಫೋಟೋ ತೆಗೆದರು. ಸುನಿತಾ ಉರಿಗೆ ಬೆನ್ನುಮಾಡಿ ನಗುತ್ತ ನಿಂತಳು.

ಕಟ್ಟಿಗೆಯ ಹೊಗೆಯ ನಡುವೆ ಇನ್ನೊಂದು ವಾಸನೆ ತೇಲಿ ಬಂತು.

"ಸೀರಿ ಸುಡೂ ವಾಸನಿ ಬರಾಕತ್ತೈತಿ," ಎಂದಳು ದೇವಕ್ಕ.

"ಅತ್ತಿಗಿ ದಿನಾ ಒಂದ ವಾಸನಿ ಬರತೈತ್ರಿ ಮೇಡಮ್," ಎಂದಳು ಸುನಿತಾ, ತಿರುಗದೆಯೇ. "ಕಣ್ಣ ಹೋದ ಮ್ಯಾಲ ಮೂಗ ಉದ್ದ ಆಗೇತಿ."

ಎಲ್ಲರೂ ನಕ್ಕರು. ಹಂಪಣ್ಣನ ನಗು ಎಲ್ಲಕ್ಕಿಂತ ದೊಡ್ಡದಾಗಿತ್ತು.

ದೇವಕ್ಕ ಎರಡನೆಯ ಸಲ ಹೇಳಲಿಲ್ಲ. ಸೊಂಟದ ಸಂಚಿ ಬಿಚ್ಚಿದಳು. ಒಂದು ಅಡಿಕೆಯ ಹೋಳು ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡಳು, ಅಗಿದಳು. ವಾಸನೆ ಬಲಿಯುತ್ತ ಬಂತು. ಅಡಿಕೆ ನುಣ್ಣಗಾಗುವ ಹೊತ್ತಿಗೆ, ಪೊರೆ ಕವಿದ ಕಣ್ಣಿಗೂ ಕಾಣುವಂತೆ ಒಂದು ಬೆಳಕು ಕುಳಿಯನ್ನು ಬಿಟ್ಟು ಹೊರಗೆ ಓಡತೊಡಗಿತು, ಅದು ಚೀರುತ್ತಿತ್ತು.

ಕಾಂತೇಶ ನಿಂತಲ್ಲಿಯೇ ನಿಂತಿದ್ದ. ವರ್ಷವಿಡೀ ಮಂದಿಗೆ ಬೆಂಕಿಯ ಪಾಠ ಹೇಳಿದ ಬಾಯಿ ತೆರೆದೇ ಇತ್ತು. ಅತಿಥಿಗಳು ಕಾರಿನ ದಿಕ್ಕಿಗೆ ಓಡಿದರು. ದೇವಕ್ಕ ನೆನೆದ ಗೋಣಿತಟ್ಟು ಸೆಳೆದುಕೊಂಡು, ಸುಣ್ಣದ ಗೆರೆಯನ್ನು ತುಳಿದು, ಚೀರಾಟದ ದಾರಿ ಹಿಡಿದು ಓಡಿ, ಸೊಸೆಯನ್ನು ತಟ್ಟಿನ ಸಮೇತ ತಬ್ಬಿ ನೆಲಕ್ಕೆ ಕೆಡವಿದಳು. ಉರಿ ಆರುವವರೆಗೆ ಮೇಲೆ ಬಿದ್ದೇ ಇದ್ದಳು. ಕರಗಿದ ಸೀರೆ ಆಕೆಯ ಎರಡೂ ಅಂಗೈಗೆ ಅಂಟಿಕೊಂಡಿತ್ತು.

ಶಹಾಪುರದ ದವಾಖಾನೆಯಲ್ಲಿ ಸುನಿತಾಳಿಗೆ ಬೆನ್ನೂ ಎಡಗಾಲೂ ಸುಟ್ಟಿವೆ, ಜೀವಕ್ಕೆ ಭಯವಿಲ್ಲ ಎಂದರು. ದೇವಕ್ಕನ ಕೈಗಳಿಗೆ ಮೊಣಕೈಯವರೆಗೆ ಬಟ್ಟೆ ಸುತ್ತಿದರು. ಸೊಸೆ ಸುಟ್ಟಳೆಂದರೆ ಪೊಲೀಸರು ಮೊದಲು ಅತ್ತೆಯನ್ನು ಹುಡುಕುತ್ತಾರೆ. ಜಮಾದಾರ ಮರುದಿನವೇ ಬಂದ. ಬರುವ ಮುಂಚೆ ಓಣಿಯಲ್ಲಿ ವಿಚಾರಿಸಿದ್ದ. ಚಮನಬೀ ಸುಳ್ಳು ಹೇಳುವ ಹೆಂಗಸಲ್ಲ; ದೇವಕ್ಕ ದಿನವೂ "ಸುಟ್ಟ ಸಾಯತಿ" ಎನ್ನುತ್ತಿದ್ದಳೆಂದು ಕಣ್ಣೀರು ಹಾಕುತ್ತಲೇ ಹೇಳಿಬಿಟ್ಟಿದ್ದಳು.

ಜಮಾದಾರ ಡಾಕ್ಟರರ ಕೋಣೆಯಲ್ಲಿರುವಾಗ ಕಾಂತೇಶ ತಾಯಿಯನ್ನು ಮೊಗಸಾಲೆಯ ಮೂಲೆಗೆ ಕರೆದ.

"ಯವ್ವಾ, ಮ್ಯಾನೇಜರ ಫೋನ ಮಾಡಿದ್ರು. ತಾವು ಬಂದೇ ಇರಲಿಲ್ಲ ಅಂತ ತಿಳ್ಕೋ ಅಂದ್ರು. ಪೆಟ್ರೋಲಿನ ಮಾತಿನಾಗ ನನ್ನ ಹೆಸರು ಬಂದ್ರ ನೌಕರಿ ಮುಗೀತು."

"ಅದಕ್ಕ?"

"ನೀ ಸುರುವಿದೆ ಅನ್ನು. ನೀರಿನ ಬಾಟಲಿ ಇತ್ತು, ಕಣ್ಣ ಕಾಣಲಿಲ್ಲ, ಉರಿ ಆರಸಾಕ ಹೋಗಿ ಸುರುವಿದೆ ಅನ್ನು. ಮುದುಕಿಗಿ ಯಾರೂ ಏನೂ ಮಾಡಂಗಿಲ್ಲ."

"ಸುರುವಿದಾವ ನೀನು! ನನಗ ವಾಸನಿ ಬಂದಿತ್ತು. ನಾ ಕುರುಡಿ ಅಲ್ಲ!"

"ಒದರಬ್ಯಾಡ."

ಜಮಾದಾರ ಸುನಿತಾಳ ಮಂಚದ ಬಳಿ ನಿಂತು ಕೇಳಿದ: "ಹೇಳವಾ ತಂಗಿ, ಹೆದರಬ್ಯಾಡ. ಯಾರು ಹಚ್ಚಿದ್ರು?"

ಸುನಿತಾ ಬೋರಲಾಗಿ ಮಲಗಿದ್ದಳು. ಕೆನ್ನೆಯನ್ನು ದಿಂಬಿಗೆ ಒತ್ತಿ ಗಂಡನನ್ನು ನೋಡಿದಳು, ಮಾವನನ್ನು ನೋಡಿದಳು, ಕೊನೆಗೆ ಬಾಗಿಲಲ್ಲಿ ಎರಡೂ ಕೈ ಎತ್ತಿ ಹಿಡಿದುಕೊಂಡು ನಿಂತ ಅತ್ತೆಯನ್ನು ಬಹಳ ಹೊತ್ತು ನೋಡಿದಳು.

"ಅತ್ತಿ ಬೇಕಂತ ಮಾಡಿಲ್ರಿ," ಎಂದಳು. "ಅವರಿಗಿ ಎರಡೂ ಕಣ್ಣ ಕಾಣಂಗಿಲ್ಲ. ನೀರಂತ ತಿಳದು ಪೆಟ್ರೋಲ್ ಸುರುವ್ಯಾರ. ಪಾಪ, ಅವರದೇನೂ ತಪ್ಪಿಲ್ಲ."

ಜಮಾದಾರ ತಿರುಗಿದ. "ಏನವಾ ಅಜ್ಜಿ, ಖರೇನ? ಕಾಣಂಗಿಲ್ಲ ನಿನಗ?"

ದೇವಕ್ಕ ಗಂಡನ ಕಡೆಗೆ ಮುಖ ಮಾಡಿದಳು. ಹಂಪಣ್ಣ ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದ.

"ಓಣ್ಯಾಗ ಮಂದಿ ಬ್ಯಾರೆ ಹೇಳತಾರ," ಎಂದ ಜಮಾದಾರ. "ನೋಡು, ಬೇಕಂತ ಹಚ್ಚಿದ್ರ ಜೇಲು. ಕಾಣಲಾರದಕ್ಕ ಆಗಿದ್ರ ಬ್ಯಾರೆ ಮಾತು. ಕಾಣತೈತೋ, ಇಲ್ಲೋ?"

"ಕಾಣಂಗಿಲ್ರಿ," ಎಂದಳು ದೇವಕ್ಕ.

"ಪೆಟ್ರೋಲಿನ ವಾಸನಿ?"

ಕೆಂಡದ ಹದವನ್ನೂ ತೆನೆಯ ಪಾಕವನ್ನೂ ಊರಿಗೇ ಹೇಳಿಕೊಟ್ಟ ಮೂಗಿನ ತುದಿ ಒಮ್ಮೆ ಅದುರಿತು.

"ಅದೂ ಬರಲಿಲ್ರಿ."

ಮನೆಗೆ ಮರಳಿದ ಮೇಲೆ ದೇವಕ್ಕನ ಕೈಗಳು ತುತ್ತು ಹಿಡಿಯಲಾರದಾದವು. ಹಂಪಣ್ಣನಿಗೆ ಉಣಿಸುವುದು ಬರುವುದಿಲ್ಲ. ಕಾಂತೇಶ ಕಡೇಚೂರಿಗೆ ಹೋದ. ಕುಂಟುವಷ್ಟು ಗುಣವಾದ ಕೂಡಲೆ ಸುನಿತಾಳೇ ಉಣಿಸತೊಡಗಿದಳು. ಹೊತ್ತಿಗೆ ಸರಿಯಾಗಿ ಉಣಿಸುವಳು. ಆದರೆ ಪ್ರತಿಯೊಂದು ತುತ್ತನ್ನೂ ದೇವಕ್ಕ ಕೇಳಬೇಕಾಗಿತ್ತು. ಕೇಳದಿದ್ದರೆ ಕೈ ತಾಟಿನಲ್ಲಿಯೇ ನಿಂತಿರುತ್ತಿತ್ತು.

ಒಂದು ದಿನ ದೇವಕ್ಕ ಬಾಯಲ್ಲಿದ್ದ ರೊಟ್ಟಿ ನುಂಗಿ ಹೇಳಿದಳು: "ಸುನಿತಾ, ನನ್ನ ಕಣ್ಣ ಮಾಡಸ್ರವ್ವಾ. ಶಿಬಿರ ಆದ್ರೂ ನಡೀತೈತಿ. ಎಲ್ಲಿ ಒಯ್ದರೂ ಬರತೇನಿ."

"ಈಗ ಬ್ಯಾಡ್ರಿ ಅತ್ತಿ."

"ಯಾಕ?"

"ಪೊಲೀಸ್ರ ಕಾಗದದಾಗ ನೀವು ಕುರುಡ ಆದೀರಿ. ನಾಳೆ ನಿಮಗ ನಿಚ್ಚಳ ಕಂಡ್ರ, ಜಮಾದಾರ ತಿರುಗಿ ಬಂದ್ರ, ಏನ ಹೇಳೂದು?"

"ಆಪರೇಷನ್ ಆದ ಮ್ಯಾಲ ಕಾಣಸ್ತು ಅಂದ್ರಾತು!"

"ನಿಮ್ಮ ಮಗನ್ನ ಕೇಳ್ರಿ. ಬ್ಯಾಡ ಅಂದವ್ರು ಅವರ. ಮಂದಿ ಬಾಯಿ ಮುಚ್ಚೂತನಾ ಹಿಂಗ ಇರ್ಲಿ ಅಂದ್ರು."

ದೇವಕ್ಕ ಬಟ್ಟೆ ಸುತ್ತಿದ ಕೈಗಳನ್ನು ಮುಂದೆ ಚಾಚಿದಳು. "ನಾ ನಿನ್ನ ಜೀವಾ ಉಳಿಸೇನಿ, ಹೆಣ್ಣ! ಈ ಕೈ ನೋಡು. ನಾ ಇರಲಿಲ್ಲಂದ್ರ ನೀ ಅಂದ ಬೂದಿ ಆಗತಿದ್ದಿ."

"ಉಳಿಸೀರಿ. ಇಲ್ಲಂದಿಲ್ಲ." ಸುನಿತಾ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು. "ಒಂದ ಅಡಿಕಿ ಪೂರಾ ಅಗದು ಮುಗಿಸಿ, ಆಮ್ಯಾಲ ಉಳಿಸೀರಿ."

ದೇವಕ್ಕ ಚಾಚಿದ ಕೈಗಳನ್ನು ಮಡಿಲಿಗೆ ಇಳಿಸಿದಳು.

"ನೀವು ನನ್ನ ಮ್ಯಾಲ ಬಿದ್ದಾಗ ನಿಮ್ಮ ಬಾಯಿ ನನ್ನ ಮೂಗಿಗಿ ಹತ್ತಿತ್ತು, ಅತ್ತಿ. ವಾಸನಿ ನನಗೂ ಬರತೈತಿ. ಹೂಂ, ಕೇಳ್ರಿ. ತುತ್ತ ಬೇಕೋ, ಬ್ಯಾಡೋ?"

"ಬೇಕು," ಎಂದಳು ದೇವಕ್ಕ.

ತಡವಾಗಿ ಬಿತ್ತಿದ ಹೊಲದಲ್ಲಿ ಇನ್ನೂ ನಾಲ್ಕು ಹಸಿ ತೆನೆ ಉಳಿದಿದ್ದವು. ಹಂಪಣ್ಣ ಅವನ್ನು ಕಿತ್ತು ತಂದ. ಮಳೆಯಿಲ್ಲದ ನೆಲದ ಮೇಲೆ ಸುಣ್ಣದ ಗೆರೆ ಇನ್ನೂ ಇತ್ತು. ಅಂದು ದೇವಕ್ಕ ತುಳಿದು ಓಡಿದ ಕಡೆ ಅಳಿಸಿದ್ದನ್ನು ಹಂಪಣ್ಣ ಹಿಡಿ ಸುಣ್ಣ ಹಾಕಿ ಕೂಡಿಸಿದ. ಸುನಿತಾ ನೂಲಿನ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಬಿಗಿದು, ಕೊಡದಲ್ಲಿ ನೀರು ತುಂಬಿ, ಗೋಣಿತಟ್ಟು ನೆನೆಸಿ, ಗಾಳಿಗೆ ಬೆನ್ನಾಗಿ ಕುಳಿತಳು. ಅತ್ತೆಯ ಕಟ್ಟಳೆಗಳಲ್ಲಿ ಒಂದನ್ನೂ ಬಿಡಲಿಲ್ಲ. ಅತ್ತೆಯ ಕುರ್ಚಿ ಮಾತ್ರ ಗೆರೆಯಾಚೆ ಇತ್ತು.

ಗೋಡೆಯ ಮೇಲೆ ಚಮನಬೀಯ ಮುಖ ಕಂಡಿತು. ಪೊಲೀಸರ ಮುಂದೆ ಆಡಿದ ಮಾತು ಆಕೆಯನ್ನು ಆ ದಿನದಿಂದ ಕೊರೆಯುತ್ತಿತ್ತು.

"ದೇವಕ್ಕಾ, ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ. ಆ ಪೆಟ್ರೋಲ್ ಖರೇನ ನೀನ ಸುರುವಿದೇನವಾ? ನಿನ್ನ ಮೂಗ ನನಗ ಗೊತ್ತೈತಿ. ನನ್ನ ಎಮ್ಮಿ ಹಾಲ ಕೆಟ್ಟಿದ್ದು ಗ್ವಾಡಿ ಆ ಕಡಿಂದ ಹೇಳಿದಾಕಿ ನೀನು."

ಕುಳಿಯಲ್ಲಿ ಸಲಾಕೆಯ ಸದ್ದು ನಿಂತಿತು. ಹಂಪಣ್ಣ ಕಾಳು ಅಗಿಯುವುದನ್ನು ಬಿಟ್ಟ.

"ಹೌದವಾ ಚಮನಬೀ," ಎಂದಳು ದೇವಕ್ಕ. "ನಾನ ಸುರುವಿದೆ. ವಯಸ್ಸಾತು. ಕಾಣವಲ್ದು, ವಾಸನೀನೂ ತಿಳೀವಲ್ದು."

"ಯಾ ಅಲ್ಲಾ," ಎಂದು ಚಮನಬೀ ನಿಟ್ಟುಸಿರುಬಿಟ್ಟು ಗೋಡೆಯ ಕೆಳಗೆ ಇಳಿದಳು.

ಸಲಾಕೆ ಮತ್ತೆ ಆಡಿತು. ಸುನಿತಾ ತೆನೆ ಎಳೆದು, ತಿಕ್ಕಿ, ಕಾಳು ಊದಿ, ಹಿಂಡಿಯಲ್ಲಿ ಕಲಸಿ, ಕುಂಟುತ್ತ ಗೆರೆ ದಾಟಿ ಬಂದಳು.

"ಬಾಯಿ ತಗೀರಿ."

ದೇವಕ್ಕ ಬಾಯಿ ತೆರೆದಳು. ತೆನೆ ಕೆಂಡದಲ್ಲಿ ಹೆಚ್ಚು ಹೊತ್ತು ಕೂತಿತ್ತು. ಕಾಳಿನ ಹಾಲು ಬತ್ತಿ, ಸಿಪ್ಪೆ ಹೊತ್ತಿ, ನಾಲಗೆಗೆ ಕಹಿ ಹತ್ತಿತು.

"ಹೆಂಗಾಗ್ಯಾವ್ರಿ ಅತ್ತಿ?"

"ಚಲೋ ಆಗ್ಯಾವ," ಎಂದಳು ದೇವಕ್ಕ. "ಇನ್ನೊಂದ ತುತ್ತ ಕೊಡವಾ."